ಹಸಿ ಮಾಂಸದ ನಾಡಿನಲ್ಲಿ ಕೊಬ್ಬಿನ ಲೆಕ್ಕ

ನಾನು ಪಾಠ ಹೇಳುತ್ತಿದ್ದ ಕಾಲದ ಭೂಗೋಳ ಪುಸ್ತಕಗಳಲ್ಲಿ ಉತ್ತರ ಧ್ರುವಪ್ರದೇಶದ ಜನರ ಬಗ್ಗೆ ನಾಲ್ಕೈದು ಸಾಲುಗಳಿರುತ್ತಿದ್ದವು. ಇಗ್ಲೂ ಎಂಬ ಹಿಮದ ಮನೆ, ನಾಯಿಗಳು ಎಳೆಯುವ ಬಂಡಿ, ತುಪ್ಪಳದ ಉಡುಪು, ಕೊನೆಯಲ್ಲಿ ‘ಎಸ್ಕಿಮೋ ಎಂದರೆ ಹಸಿ ಮಾಂಸ ತಿನ್ನುವವನು’ ಎಂಬ ವಾಕ್ಯ. ಆ ವಾಕ್ಯ ಬಂದ ಕೂಡಲೆ ಹಿಂದಿನ ಬೆಂಚಿನಿಂದ ‘ಶೀ’ ಎಂಬ ಸದ್ದು ಏಳುತ್ತಿದ್ದುದು ಈ ಪುಟವನ್ನು ಓದುವ ಕೆಲವರಿಗಾದರೂ ನೆನಪಿರಬಹುದು. ಸದ್ದು ಮಾಡಿದವರೂ ಇಲ್ಲಿಯೇ ಓದುತ್ತಿದ್ದಾರೆ!

ಆ ಪದದ ಅರ್ಥವನ್ನು ಭಾಷಾತಜ್ಞರು ಈಗ ಬೇರೆಯಾಗಿ ಹೇಳುತ್ತಾರೆ. ಅದು ಪೂರ್ವ ಕೆನಡಾದ ಮೂಲನಿವಾಸಿಗಳ ಭಾಷೆಯೊಂದರಿಂದ ಬಂದುದೆಂದೂ, ಹಿಮದ ಮೇಲೆ ನಡೆಯಲು ಬೇಕಾದ ಬಲೆಯ ಪಾದರಕ್ಷೆಯನ್ನು ಹೆಣೆಯುವವನು ಎಂಬುದೇ ಅದರ ಅರ್ಥವಿರಬೇಕೆಂದೂ ಅವರ ಅಭಿಪ್ರಾಯ. ಕೆನಡಾ, ಗ್ರೀನ್‌ಲೆಂಡ್‌ಗಳ ಆ ಜನ ತಮ್ಮನ್ನು ತಾವು ಕರೆದುಕೊಳ್ಳುವುದು ಇನ್ಯೂಟ್ ಎಂದು. ‘ಮನುಷ್ಯರು’ ಎಂದಷ್ಟೇ ಅದರ ಅರ್ಥ. ಹೆಸರಿನ ಮಾತು ಹೇಗೇ ಇರಲಿ, ಹಸಿ ಮಾಂಸದ ಮಾತಂತೂ ಬಹುಮಟ್ಟಿಗೆ ನಿಜ. ಅಕ್ಕಿಯಿಲ್ಲ, ರಾಗಿಯಿಲ್ಲ, ಗೆಡ್ಡೆಗೆಣಸಿಲ್ಲ. ನಮ್ಮ ದೇಹಕ್ಕೆ ಬೇಕಾದ ಶಕ್ತಿಯ ಹೆಚ್ಚಿನ ಪಾಲು ಧಾನ್ಯದ ಪಿಷ್ಟದಿಂದ ಬರುತ್ತದೆ. ಅಲ್ಲಿ ಅದು ಎಲ್ಲಿಂದ ಬರಬೇಕು? ಈಚಿನ ವರ್ಷಗಳಲ್ಲಿ ಅನ್ನವನ್ನು ಬಿಟ್ಟು ಕೊಬ್ಬನ್ನೇ ನಂಬಿರುವವರು, ಅವರಲ್ಲಿ ನನ್ನ ಶಿಷ್ಯರೂ ಕೆಲವರುಂಟು, ಮಾತೆತ್ತಿದರೆ ಈ ಇನ್ಯೂಟರನ್ನೇ ಸಾಕ್ಷಿಗೆ ಕರೆಯುತ್ತಾರೆ. ಸಾಕ್ಷಿಯು ನಿಜವಾಗಿ ಏನು ಹೇಳುತ್ತದೆಂಬುದನ್ನು ಒಮ್ಮೆ ಸಾವಧಾನವಾಗಿ ಕೇಳೋಣ ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅವರ ಅಡುಗೆಮನೆಯನ್ನು ನೋಡಬೇಕು. ಮರ ಬೆಳೆಯುವ ಗಡಿಯನ್ನು ದಾಟಿದ ಉತ್ತರದಲ್ಲಿ ಸೌದೆಯೆಂಬುದಿಲ್ಲ. ಕಡಲಲ್ಲಿ ತೇಲಿಬಂದ ಮರದ ತುಂಡುಗಳು ಕೆಲವು ತೀರಗಳಲ್ಲಿ ಮಾತ್ರ ಸಿಗುತ್ತಿದ್ದವು. ಉಳಿದ ಕಡೆಗಳಲ್ಲಿ ಬೆಂಕಿಯೆಂದರೆ ಒಂದು ದೀಪ. ಅದರ ಹೆಸರು ಕುಲ್ಲಿಕ್. ಬಳಪದ ಕಲ್ಲನ್ನು, ನಮ್ಮ ಬೇಲೂರು ಹಳೇಬೀಡುಗಳ ಶಿಲ್ಪಿಗಳಿಗೆ ಒದಗಿದಂತಹ ಮೆದುಕಲ್ಲನ್ನು, ಅಗಲವಾದ ಬಟ್ಟಲಿನಂತೆ ಕೊರೆದು, ಪಾಚಿಯ ಬತ್ತಿಯಿಟ್ಟು, ಸೀಲ್ ಪ್ರಾಣಿಯ ಕೊಬ್ಬನ್ನು ಕರಗಿಸಿ ಉರಿಸುವುದು. ಮನೆಯನ್ನು ಬೆಳಗುವುದು, ಹಿಮವನ್ನು ಕರಗಿಸಿ ಕುಡಿಯುವ ನೀರು ಮಾಡುವುದು, ಒದ್ದೆ ಬಟ್ಟೆಯನ್ನು ಒಣಗಿಸುವುದು, ಎಲ್ಲವೂ ಆ ದೀಪದ ಹೊಣೆ. ಅದರ ಮೇಲೆ ತೂಗುಹಾಕಿದ ಕಲ್ಲಿನ ಪಾತ್ರೆಯಲ್ಲಿ ಮಾಂಸವನ್ನು ಬೇಯಿಸುವುದೂ ಉಂಟಾಗಿತ್ತು; ಇನ್ಯೂಟರು ಬೇಯಿಸಿ ತಿನ್ನುವುದನ್ನೇ ಅರಿಯರೆಂಬುದು ತಪ್ಪು. ಆದರೆ ಎಲ್ಲವನ್ನೂ ಬೇಯಿಸುತ್ತ ಕುಳಿತರೆ ಉಣ್ಣಬೇಕಾದ ಕೊಬ್ಬೇ ಉರುವಲಾಗಿ ಹೋಗುತ್ತದೆ. ಆದ್ದರಿಂದ ಆಗತಾನೆ ಕೊಂದ ಸೀಲಿನ ಯಕೃತ್ತು, ಮರಗಟ್ಟಿದ ಹಿಮಸಾರಂಗದ ಮಾಂಸ, ಹೆಪ್ಪುಗಟ್ಟಿದ ಮೀನು, ಮಕ್ತಾಕ್ ಎಂಬ ತಿಮಿಂಗಿಲದ ಚರ್ಮ ಮತ್ತು ಅದಕ್ಕೆ ಅಂಟಿದ ಕೊಬ್ಬು, ಇವನ್ನೆಲ್ಲ ಹಸಿಯಾಗಿಯೇ ತಿನ್ನುತ್ತಿದ್ದರು. ಬೇಸಿಗೆಯಲ್ಲಿ ಒಂದಿಷ್ಟು ಕಾಡುಹಣ್ಣು, ಕಡಲ ಪಾಚಿ; ಬೇಟೆಯ ಸಾರಂಗದ ಹೊಟ್ಟೆಯೊಳಗೆ ಅರ್ಧ ಜೀರ್ಣವಾದ ಸೊಪ್ಪು. ಹಿಮಕರಡಿಯ ಯಕೃತ್ತನ್ನು ಮಾತ್ರ ಯಾರೂ ಮುಟ್ಟರು. ಅದರಲ್ಲಿ ಎ ಜೀವಸತ್ವವು ವಿಷವಾಗುವಷ್ಟು ತುಂಬಿರುತ್ತದೆಂದು ರಸಾಯನಶಾಸ್ತ್ರ ತಿಳಿಯುವ ಎಷ್ಟೋ ಮೊದಲೇ ಅವರಿಗೆ ಅದು ತಿಳಿದಿತ್ತು.

ಹಸಿಯಾಗಿ ತಿಂದುದರಿಂದ ಎರಡು ಲಾಭಗಳಾದವು. ಒಂದು, ಕಾಯಿಸಿದರೆ ಕೆಡುವ ಸಿ ಜೀವಸತ್ವವು ಉಳಿಯಿತು. ಮಕ್ತಾಕಿನಲ್ಲಿಯೂ ಸೀಲಿನ ಯಕೃತ್ತಿನಲ್ಲಿಯೂ ಅದು ಇದೆ. ಹಣ್ಣುತರಕಾರಿಗಳಿಲ್ಲದ ಆ ನಾಡಿನಲ್ಲಿ ವಸಡು ಕೊಳೆತು ಸಾಯುವ ಸ್ಕರ್ವಿ ರೋಗವನ್ನು ದೂರವಿಟ್ಟದ್ದು ಇದೇ. ಇನ್ನೊಂದು ಸೂಕ್ಷ್ಮವಾದುದು. ಪ್ರಾಣಿಗಳೂ ತಮ್ಮ ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ ಒಂದಿಷ್ಟು ಶರ್ಕರಪಿಷ್ಟವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತವೆ. ಪ್ರಾಣಿ ಸತ್ತ ಮೇಲೆ ಗಂಟೆಗಳು ಕಳೆದಂತೆ ಅದು ಒಡೆದು ಹುಳಿಯಾಗಿ ಕರಗಿಹೋಗುತ್ತದೆ. ನಮ್ಮ ಪೇಟೆಯ ಅಂಗಡಿಯ ಮಾಂಸದಲ್ಲಿ ಅದು ಹೆಸರಿಗಷ್ಟೇ ಇದ್ದೀತು. ಕೊಂದ ಕೂಡಲೆ ತಿಂದರೆ, ಅಥವಾ ಕಡುಚಳಿಯಲ್ಲಿ ಕೂಡಲೆ ಹೆಪ್ಪುಗಟ್ಟಿದರೆ, ಒಂದು ಪಾಲು ಉಳಿಯುತ್ತದೆ.

ಈ ಲೆಕ್ಕವನ್ನು ತಕ್ಕಡಿ ಹಿಡಿದು ನೋಡಲು 1908ರಲ್ಲಿ ಡೆನ್ಮಾರ್ಕಿನ ದಂಪತಿಗಳಾದ ಆಗಸ್ಟ್ ಕ್ರೋಗ್ ಮತ್ತು ಮೇರಿ ಕ್ರೋಗ್ ಗ್ರೀನ್‌ಲೆಂಡಿನ ಡಿಸ್ಕೋ ದ್ವೀಪಕ್ಕೆ ಹೋದರು. ಆಗಸ್ಟ್ ಮುಂದೆ, 1920ರಲ್ಲಿ, ನೊಬೆಲ್ ಪ್ರಶಸ್ತಿ ಪಡೆದ ಶರೀರಶಾಸ್ತ್ರಜ್ಞ, ಮೇರಿ ವೈದ್ಯೆ. ಅಲ್ಲಿನ ಒಬ್ಬ ಮನುಷ್ಯನ ದಿನದ ಆಹಾರದಲ್ಲಿ ಸುಮಾರು 280 ಗ್ರಾಂ ಪ್ರೋಟೀನು, 135 ಗ್ರಾಂ ಕೊಬ್ಬು, 54 ಗ್ರಾಂ ಶರ್ಕರಪಿಷ್ಟ ಎಂದು ಅವರು ಲೆಕ್ಕ ಕಟ್ಟಿದರು. ಆ 54 ಗ್ರಾಮಿನ ಬಹುಭಾಗ ಮಾಂಸದೊಳಗಿನ ಗ್ಲೈಕೋಜನ್ನೇ. ಗ್ರಾಂ ಒಂದಕ್ಕೆ ಪ್ರೋಟೀನು ಮತ್ತು ಶರ್ಕರಪಿಷ್ಟಗಳಿಂದ 4 ಕಿಲೋಕ್ಯಾಲರಿ, ಕೊಬ್ಬಿನಿಂದ 9 ಎಂದು ಹಿಡಿದು ಗುಣಿಸಿ ನೋಡಿ. ಒಟ್ಟು 2,551ರಲ್ಲಿ ಕೊಬ್ಬಿನದು 1,215, ಪ್ರೋಟೀನಿನದು 1,120, ಶರ್ಕರಪಿಷ್ಟದ್ದು ಬರೀ 216. ತೂಕದಲ್ಲಿ ಪ್ರೋಟೀನಿನ ಅರ್ಧವೂ ಇಲ್ಲದ ಕೊಬ್ಬು ಶಕ್ತಿಯಲ್ಲಿ ಅದನ್ನು ಮೀರಿಸಿತು.

ಕೊಬ್ಬು ಏಕೆ ಬೇಕೇಬೇಕು, ಬರೀ ಮಾಂಸಖಂಡವೇ ಸಾಲದೇ ಎಂದು ಕೇಳಬಹುದು. ಪ್ರೋಟೀನಿನಿಂದಲೂ ಯಕೃತ್ತು ಸಕ್ಕರೆಯನ್ನು ಮಾಡಿಕೊಳ್ಳಬಲ್ಲುದು. ಆದರೆ ಅದರೊಳಗಿನ ಸಾರಜನಕವನ್ನು ಯೂರಿಯಾ ಮಾಡಿ ಮೂತ್ರಪಿಂಡದ ಮೂಲಕ ಹೊರಹಾಕಬೇಕು. ಆ ಕೆಲಸಕ್ಕೆ ಒಂದು ಮಿತಿಯಿದೆ. ಮಿತಿ ದಾಟಿದರೆ ವಾಕರಿಕೆ, ಭೇದಿ, ನಿತ್ರಾಣ; ಎಷ್ಟು ತಿಂದರೂ ತೀರದ ಹಸಿವು. ಚಳಿಗಾಲದಲ್ಲಿ ಕೊಬ್ಬಿಲ್ಲದ ಮೊಲಗಳನ್ನೇ ಹೊಟ್ಟೆ ತುಂಬ ತಿಂದು ಉಪವಾಸ ಸತ್ತವರ ಕಥೆಗಳು ಕೆನಡಾದ ಕಾಡುಗಳಲ್ಲಿ ಪ್ರಚಲಿತವಾಗಿದ್ದವು. ಇನ್ಯೂಟರಿಗೆ ಈ ವಿಷಯ ಬೇಟೆಯನ್ನು ಹಂಚುವ ಕ್ರಮದಲ್ಲಿಯೇ ಅಡಗಿತ್ತು. ಸಾರಂಗದ ಕಣ್ಣಿನ ಹಿಂದಿನ ಕೊಬ್ಬು, ನಾಲಿಗೆ, ಎದೆ, ಪಕ್ಕೆಲುಬು, ಮೂಳೆಯೊಳಗಿನ ಮಜ್ಜೆ ಇವು ಮನುಷ್ಯರಿಗೆ. ಕೊಬ್ಬಿಲ್ಲದ ತೊಡೆಯ ಮಾಂಸ ಬಹುತೇಕ ನಾಯಿಗಳಿಗೆ. ಪಟ್ಟಣದ ಹೋಟೆಲಿನಲ್ಲಿ ಹೆಚ್ಚು ಬೆಲೆಗೆ ಮಾರುವ ಬೆನ್ನಿನ ಒಳಮಾಂಸ ಅಲ್ಲಿ ನಾಯಿಯ ಪಾಲಾಗುತ್ತಿತ್ತು.

ಹೊರಗಿನವರು ಇದನ್ನು ಕಲಿತದ್ದು ನಿಧಾನವಾಗಿ. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎರಡು ಹಡಗುಗಳಲ್ಲಿ ಡಬ್ಬಿಗಳ ಆಹಾರವನ್ನು ತುಂಬಿಕೊಂಡು ಹೊರಟು, 129 ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. ಅವರ ಕುರುಹುಗಳನ್ನು ಹುಡುಕಲು 1879ರ ಏಪ್ರಿಲಿನಲ್ಲಿ ಹಡ್ಸನ್ ಕೊಲ್ಲಿಯಿಂದ ಹೊರಟ ಅಮೆರಿಕದ ಸೇನಾಧಿಕಾರಿ ಫ್ರೆಡೆರಿಕ್ ಶ್ವಾಟ್ಕಾ ಇನ್ನೊಂದು ದಾರಿ ಹಿಡಿದನು. ಒಂದು ತಿಂಗಳಿನಷ್ಟು ಸಾಮಗ್ರಿ ಮಾತ್ರ ಕಟ್ಟಿಕೊಂಡು, ಇನ್ಯೂಟ್ ಕುಟುಂಬಗಳ ಜೊತೆಯಲ್ಲಿ, ದಾರಿಯಲ್ಲಿ ಸಿಕ್ಕ ಬೇಟೆಯನ್ನೇ ತಿನ್ನುತ್ತ, ಹನ್ನೊಂದು ತಿಂಗಳಿಗೂ ಮೇಲ್ಪಟ್ಟು 3,251 ಮೈಲಿಗಳನ್ನು ಕ್ರಮಿಸಿ ಎಲ್ಲರನ್ನೂ ಜೀವಸಹಿತ ಕರೆತಂದನು. ಬರೀ ಸಾರಂಗದ ಮಾಂಸಕ್ಕೆ ತಿರುಗಿದ ಮೊದಲಲ್ಲಿ ಮೈಯಲ್ಲಿ ಬಲವೇ ಇಲ್ಲದಂತಾಗುತ್ತದೆ, ಎರಡು ಮೂರು ವಾರಗಳಲ್ಲಿ ಅದು ಸರಿಹೋಗುತ್ತದೆ ಎಂದು ಆತ ದಿನಚರಿಯಲ್ಲಿ ಬರೆದಿಟ್ಟನು. ದೇಹವು ಪಿಷ್ಟದಿಂದ ಕೊಬ್ಬಿಗೆ ಹೊರಳಲು ತೆಗೆದುಕೊಳ್ಳುವ ಕಾಲವೆಂದು ಈಗ ನಾವು ಅದನ್ನು ಓದಬಹುದು. ಮೆದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಅದು ಸಿಗದಾಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಎಂಬ ದ್ರವ್ಯಗಳನ್ನು ಒದಗಿಸುತ್ತದೆ, ಮೆದುಳು ಅವನ್ನು ಉರಿಸಿಕೊಂಡು ಕೆಲಸ ನಡೆಸುತ್ತದೆ. ಮೆದುಳು ಹೀಗೆ ಮಾಡಬಲ್ಲುದೆಂಬುದನ್ನು ಜಾರ್ಜ್ ಕೇಹಿಲ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟದ್ದು 1967ರಲ್ಲಿ.

ಈ ಕಥೆಯ ಮುಖ್ಯ ಪಾತ್ರ ವಿಲ್ಯಾಲ್ಮರ್ ಸ್ಟೆಫಾನ್ಸನ್. ಐಸ್‌ಲೆಂಡಿನಿಂದ ಕೆನಡಾಕ್ಕೆ ವಲಸೆ ಬಂದವರ ಮಗ, 1879ರಲ್ಲಿ ಹುಟ್ಟಿದವನು. 1906ರಲ್ಲಿ ಮೆಕೆಂಝಿ ನದಿಯ ಮುಖದಲ್ಲಿ ತನ್ನ ತಂಡದ ಹಡಗಿಗಾಗಿ ಕಾದು, ಅದು ಬಾರದೆ, ಚಳಿಗಾಲವನ್ನು ಇನ್ಯೂಟರ ಮನೆಗಳಲ್ಲಿಯೇ ಕಳೆಯಬೇಕಾಯಿತು. ಬಾಲ್ಯದಿಂದಲೂ ಮೀನೆಂದರೆ ಮೂಗು ಮುರಿಯುತ್ತಿದ್ದವನು ಅಲ್ಲಿ ಉಪ್ಪಿಲ್ಲದ ಮೀನನ್ನು, ಅದೂ ಹೆಪ್ಪುಗಟ್ಟಿ ಅರ್ಧ ಕರಗಿದ ಹಸಿ ಮೀನನ್ನು, ತಿಂದು ಕೊಬ್ಬಿದನು. ಮೀನಿನ ತಲೆಯೇ ಹೆಚ್ಚು ಕೊಬ್ಬಿನದೆಂದು ಮಕ್ಕಳಿಗೆ ಎತ್ತಿಡುವುದನ್ನು ನೋಡಿದನು. ಮುಂದೆ ವರ್ಷಗಟ್ಟಲೆ ಹಾಗೆಯೇ ಬದುಕಿ, ಕೊಬ್ಬಿರುವ ತಾಜಾ ಮಾಂಸವೊಂದಿದ್ದರೆ ಮನುಷ್ಯನಿಗೆ ಬೇರೇನೂ ಬೇಡ ಎಂದು ಸಾರತೊಡಗಿದನು. ಚೆನ್ನಾಗಿ ಬರೆಯುವವನು, ಮಾತಿನಲ್ಲಿ ಜನರನ್ನು ಗೆಲ್ಲುವವನು. ಅವನ ಪುಸ್ತಕಗಳನ್ನು ಓದುವಾಗ ನನಗೂ ತಲೆದೂಗಬೇಕೆನ್ನಿಸುತ್ತದೆ. ಅದಕ್ಕಾಗಿಯೇ 1914ರ ಸಂಗತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಒಳ್ಳೆಯದು.

1913ರ ಬೇಸಿಗೆಯಲ್ಲಿ ಕೆನಡಾ ಸರ್ಕಾರದ ದೊಡ್ಡ ಯಾತ್ರೆಯ ನಾಯಕನಾಗಿ ಅವನು ಕಾರ್ಲಕ್ ಎಂಬ ಹಡಗಿನಲ್ಲಿ ಹೊರಟನು. ಆಗಸ್ಟಿನಲ್ಲಿ ಹಡಗು ಮಂಜುಗಡ್ಡೆಯ ನಡುವೆ ಸಿಕ್ಕಿಬಿದ್ದಿತು. ಸೆಪ್ಟೆಂಬರಿನಲ್ಲಿ, ಸಾರಂಗ ಬೇಟೆಗೆಂದು ಕೆಲವರೊಂದಿಗೆ ಸ್ಟೆಫಾನ್ಸನ್ ದಡಕ್ಕೆ ಹೋದನು. ಅಷ್ಟರಲ್ಲಿ ಮಂಜುಗಡ್ಡೆಯೊಡನೆ ಹಡಗು ಪಶ್ಚಿಮಕ್ಕೆ ಕೊಚ್ಚಿಹೋಯಿತು. ನಿಜವಾಗಿ ಬೇಟೆಗೇ ಹೋದನೋ, ಹಡಗಿನ ಆಸೆ ಬಿಟ್ಟು ಹೋದನೋ ಎಂಬ ವಾದ ಇನ್ನೂ ಮುಗಿದಿಲ್ಲ. 1914ರ ಜನವರಿಯಲ್ಲಿ ಹಡಗು ಮುಳುಗಿತು. ಅದರಲ್ಲಿ ಉಳಿದಿದ್ದ 25 ಮಂದಿಯಲ್ಲಿ ಕುರಾಲುಕ್ ಎಂಬ ಅಲಾಸ್ಕಾದ ಬೇಟೆಗಾರ, ಅವನ ಹೆಂಡತಿ ಕಿರುಕ್, ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳೂ ಇದ್ದರು. ಎಂಟು ಮಂದಿ ಮಂಜಿನ ಮೇಲೆಯೇ ಕಾಣೆಯಾದರು ಅಥವಾ ಸತ್ತರು. ಉಳಿದವರು ಸೈಬೀರಿಯದ ಉತ್ತರಕ್ಕಿರುವ ರ್‍ಯಾಂಗೆಲ್ ದ್ವೀಪವನ್ನು ಮುಟ್ಟಿದರು. ಅಲ್ಲಿಂದ ಕಪ್ತಾನ ಬಾರ್ಟ್ಲೆಟ್ ಒಬ್ಬ ತರುಣ ಇನ್ಯೂಟನನ್ನು ಜೊತೆಗೆ ಕರೆದುಕೊಂಡು ಮಂಜಿನ ಮೇಲೆ ನಡೆದು ಸೈಬೀರಿಯಕ್ಕೆ ಹೋಗಿ, ಸಹಾಯವನ್ನು ತರಲು ಹೊರಟನು.

ದ್ವೀಪದಲ್ಲಿದ್ದವರಿಗೆ ಇದ್ದ ಮುಖ್ಯ ಆಹಾರ ಪೆಮ್ಮಿಕನ್. ಒಣಗಿಸಿ ಪುಡಿಮಾಡಿದ ಮಾಂಸಕ್ಕೆ ಸರಿಸಮನಾಗಿ ಕರಗಿಸಿದ ಕೊಬ್ಬನ್ನು ಬೆರೆಸಿ ಮಾಡುವ ಗಟ್ಟಿ. ಅಮೆರಿಕದ ಬಯಲುಗಳ ಮೂಲನಿವಾಸಿಗಳು ಕಂಡುಕೊಂಡದ್ದು. ಹೆಸರಿನಲ್ಲಿರುವ ‘ಪಿಮಿ’ ಎಂಬ ಕ್ರೀ ಭಾಷೆಯ ಮಾತಿಗೆ ಕೊಬ್ಬು ಎಂದೇ ಅರ್ಥ. ಆದರೆ ಕಾರ್ಲಕ್ ಹಡಗಿಗೆಂದು ಕಾರ್ಖಾನೆಯಲ್ಲಿ ಮಾಡಿಸಿದ್ದ ಪೆಮ್ಮಿಕನ್ನಿನಲ್ಲಿ ಕೊಬ್ಬು ಸಾಕಷ್ಟಿರಲಿಲ್ಲ. ವಸಂತದ ಹೊತ್ತಿಗೆ ಒಬ್ಬೊಬ್ಬರ ಕೈಕಾಲು ಬಾತುಕೊಂಡವು, ಮೈ ಸೋತಿತು. ಮೇ ತಿಂಗಳಲ್ಲಿ ಜಾರ್ಜ್ ಮಾಲಕ್, ಬಿಯಾರ್ನೆ ಮಾಮೆನ್ ಎಂಬ ಇಬ್ಬರು ಯುವಕರು ಸತ್ತರು. ಡಬ್ಬಿಯ ಆಹಾರ ಕಣ್ಣೆದುರಿಗೇ ಇದ್ದಿತು. ಇನ್ನುಳಿದವರನ್ನು ಬದುಕಿಸಿದ್ದರಲ್ಲಿ ದೊಡ್ಡ ಪಾಲು ಕುರಾಲುಕ್ ತರುತ್ತಿದ್ದ ಸೀಲುಗಳದು. ಸೆಪ್ಟೆಂಬರಿನಲ್ಲಿ ಬೇರೊಂದು ಹಡಗು ಬಂದು ಅವರನ್ನು ಕರೆದೊಯ್ಯುವಾಗ ಕುರಾಲುಕನ ಕುಟುಂಬದ ನಾಲ್ವರೂ ಬದುಕಿದ್ದರು. 25ರಲ್ಲಿ ಒಟ್ಟು 11 ಮಂದಿ ಹೋದರು.

ಬದುಕುಳಿದವರಲ್ಲಿ ವಿಲಿಯಂ ಮೆಕಿನ್ಲೆ ಎಂಬುವನು ಸ್ಕಾಟ್ಲೆಂಡಿನ ಗ್ಲಾಸ್ಗೋ ಕಡೆಯ ಒಬ್ಬ ಶಾಲಾ ಮೇಷ್ಟ್ರು. ಗಣಿತ, ವಿಜ್ಞಾನ ಹೇಳುತ್ತಿದ್ದವನು. (ನಮ್ಮ ಕಸುಬಿನವನೆಂದು ನನಗೆ ಅವನ ಮೇಲೆ ತುಸು ಪಕ್ಷಪಾತ, ಓದುಗರು ಮನ್ನಿಸಬೇಕು.) ಆ ಸಾವುಗಳಿಗೆ ಕಾರಣವೇನೆಂಬುದು ಅವನನ್ನು ಬದುಕಿನುದ್ದಕ್ಕೂ ಕಾಡಿತು. ಕೊಬ್ಬು ಕಡಿಮೆಯಾಗಿ ಪ್ರೋಟೀನು ಹೆಚ್ಚಾದ ಪೆಮ್ಮಿಕನ್ನೇ ಗೆಳೆಯರನ್ನು ಕೊಂದಿತೆಂದೂ, ಯಾತ್ರೆಗೆ ಮುನ್ನ ಅದನ್ನು ಪರೀಕ್ಷೆ ಮಾಡಿಸದಿದ್ದುದು ನಾಯಕನ ಹೊಣೆಗೇಡಿತನವೆಂದೂ ಅವನು ಕಡೆಗೆ 1976ರಲ್ಲಿ, ಮುಪ್ಪಿನಲ್ಲಿ, ಪುಸ್ತಕ ಬರೆದು ಹೇಳಿದನು. ಸ್ಟೆಫಾನ್ಸನ್ ಮೊದಲೇ ತಪ್ಪನ್ನು ತಯಾರಕರ ಮೇಲೆ ಹೊರಿಸಿ ಕೈತೊಳೆದುಕೊಂಡಿದ್ದನು. ಕೊಬ್ಬಿಲ್ಲದ ಮಾಂಸ ಮನುಷ್ಯನನ್ನು ಕೊಲ್ಲುತ್ತದೆಂಬುದನ್ನು ಆ ಯಾತ್ರೆಯಲ್ಲಿ ಅವನಷ್ಟು ಬಲ್ಲ ಬಿಳಿಯ ಮತ್ತೊಬ್ಬನಿರಲಿಲ್ಲ. ಡಬ್ಬಿಯೊಂದನ್ನು ತೆರೆಸಿ ನೋಡುವುದು ಅವನಿಗೆ ಎಷ್ಟು ಹೊತ್ತಿನ ಕೆಲಸವಾಗಿತ್ತು? ಈ ವಿಷಯದಲ್ಲಿ ನಾನು ಮೇಷ್ಟ್ರ ಕಡೆಗೇ ಇದ್ದೇನೆ.

ಅದೇ ದ್ವೀಪಕ್ಕೆ 1921ರಲ್ಲಿ ಸ್ಟೆಫಾನ್ಸನ್ ನಾಲ್ವರು ತರುಣರನ್ನು ಮತ್ತೆ ಕಳುಹಿಸಿದನು, ತಾನು ಹೋಗಲಿಲ್ಲ. ಬಟ್ಟೆ ಹೊಲಿಯಲೆಂದು ಜೊತೆಗೆ ಹೋದವಳು ಏಡಾ ಬ್ಲ್ಯಾಕ್‌ಜ್ಯಾಕ್ ಎಂಬ ಅಲಾಸ್ಕಾದ ಇನ್ಯೂಪಿಯಟ್ ಹೆಂಗಸು. ಬೇಟೆ ಕೈಗೆ ಸಿಗದೆ, 1923ರ ಜನವರಿಯಲ್ಲಿ ಮೂವರು ಸೈಬೀರಿಯದತ್ತ ಹೊರಟು ಕಣ್ಮರೆಯಾದರು. ಉಳಿದ ಲೋರ್ನ್ ನೈಟ್ ಜೂನ್ ತಿಂಗಳಲ್ಲಿ ಸ್ಕರ್ವಿಯಿಂದ ಸತ್ತನು. ಈತನಿಗೆ 1917ರಲ್ಲಿ, ಸ್ಟೆಫಾನ್ಸನ್ ಜೊತೆಯಲ್ಲಿದ್ದಾಗ, ಇದೇ ರೋಗ ಬಂದು ಸಾರಂಗದ ಹಸಿ ಮಾಂಸದಿಂದಲೇ ವಾಸಿಯಾಗಿತ್ತೆಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ. ಮದ್ದು ಅವನಿಗೆ ಗೊತ್ತಿತ್ತು, ತಂದುಕೊಡುವ ಬೇಟೆಗಾರ ಇರಲಿಲ್ಲ. ಏಡಾ ಮಿಷನರಿಗಳ ನಡುವೆ ಬೆಳೆದವಳು, ಬೇಟೆಯನ್ನು ಅರಿಯಳು. ಆ ದ್ವೀಪದಲ್ಲಿಯೇ ಬೋನು ಒಡ್ಡುವುದನ್ನೂ ಬಂದೂಕು ಹಿಡಿಯುವುದನ್ನೂ ತಾನೇ ಕಲಿತು, ಸೀಲು ಹೊಡೆದು, ಆಗಸ್ಟಿನಲ್ಲಿ ಹಡಗು ಬರುವವರೆಗೂ ಜೀವ ಹಿಡಿದುಕೊಂಡಳು.

ಇಷ್ಟರ ಮೇಲೆಯೂ ಸ್ಟೆಫಾನ್ಸನ್ ಮಾತನ್ನು ನ್ಯೂಯಾರ್ಕಿನ ವೈದ್ಯರು ನಂಬಲಿಲ್ಲ. 1928ರಲ್ಲಿ ಅವನೂ, ಹಿಂದೆ ಅವನ ಯಾತ್ರೆಯಲ್ಲಿದ್ದ ಕಾರ್ಸ್ಟೆನ್ ಆಂಡರ್ಸನ್ನನೂ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಒಡ್ಡಿಕೊಂಡರು. ಒಂದು ವರ್ಷ ಬರೀ ಮಾಂಸ. ಖರ್ಚು ಕೊಟ್ಟದ್ದು ಮಾಂಸ ವ್ಯಾಪಾರಿಗಳ ಸಂಘ ಎಂಬುದನ್ನು ಮರೆಯಬಾರದು, ಆದರೆ ನೋಡಿಕೊಂಡ ಯೂಜೀನ್ ಡುಬೋಯ್ ಮುಂತಾದವರು ಲೆಕ್ಕದಲ್ಲಿ ನಿಷ್ಠುರರು. ಮೊದಲಲ್ಲಿ ಸ್ಟೆಫಾನ್ಸನ್ನನಿಗೆ ಬೇಕೆಂದೇ ಕೊಬ್ಬು ತೆಗೆದ ಮಾಂಸವನ್ನು ಕೊಟ್ಟರು. ಎರಡು ಮೂರು ದಿನಗಳಲ್ಲಿಯೇ ಭೇದಿ, ವಾಕರಿಕೆ. ಕೊಬ್ಬನ್ನು ಸೇರಿಸಿದ ಕೂಡಲೆ ಚೇತರಿಸಿಕೊಂಡನು. ಆಮೇಲೆ ಇಬ್ಬರೂ ದಿನಕ್ಕೆ 200ರಿಂದ 300 ಗ್ರಾಂ ಕೊಬ್ಬು, 100ರಿಂದ 140 ಗ್ರಾಂ ಪ್ರೋಟೀನು, 7ರಿಂದ 12 ಗ್ರಾಂ ಶರ್ಕರಪಿಷ್ಟದ ಮೇಲೆ ಕಾಲ ಕಳೆದರು. ಶಕ್ತಿಯ ನೂರರಲ್ಲಿ 75ರಿಂದ 85 ಪಾಲು ಕೊಬ್ಬಿನದೇ. ವೈದ್ಯರು ಹೆದರಿದ್ದಂತೆ ಮೂತ್ರಪಿಂಡಗಳು ಕೆಡಲಿಲ್ಲ, ಸ್ಕರ್ವಿ ಬರಲಿಲ್ಲ. ಮೂತ್ರದಲ್ಲಿ ಮಾತ್ರ ಉದ್ದಕ್ಕೂ ಕೀಟೋನ್ ಕಾಣಿಸುತ್ತಲೇ ಇತ್ತು.

ಕ್ರೋಗ್ ದಂಪತಿಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ಆಹಾರವಲ್ಲವೆಂಬುದು ಸ್ಪಷ್ಟ. ಗ್ರೀನ್‌ಲೆಂಡಿನವನ ತಟ್ಟೆಯಲ್ಲಿ ಕೊಬ್ಬು ಇದರ ಅರ್ಧದಷ್ಟು, ಪ್ರೋಟೀನು ಇಮ್ಮಡಿ, ಶರ್ಕರಪಿಷ್ಟ ಐದಾರು ಪಟ್ಟು. ಸ್ಟೆಫಾನ್ಸನ್ ಆಸ್ಪತ್ರೆಯಲ್ಲಿ ತೋರಿಸಿದ್ದು ಇನ್ಯೂಟರ ಊಟದ ಒಂದು ಎಲ್ಲೆಯನ್ನು. ಅದನ್ನೇ ಅವರ ನಿತ್ಯದ ಊಟವೆಂದು ತಿಳಿದವರು ಬಹಳ. ಅದೇ 1928ರಲ್ಲಿ ಪೀಟರ್ ಹೈನ್‌ಬೆಕರ್ ಎಂಬ ವೈದ್ಯ ಬ್ಯಾಫಿನ್ ದ್ವೀಪದ ಇನ್ಯೂಟರನ್ನು ಪರೀಕ್ಷಿಸಿ ಇನ್ನೂ ವಿಚಿತ್ರವಾದುದನ್ನು ಕಂಡನು. ಉಪವಾಸವಿದ್ದಾಗಲೂ ಅವರಲ್ಲಿ ಕೀಟೋನ್ ಹೆಚ್ಚಾಗಿ ಹುಟ್ಟುತ್ತಿರಲಿಲ್ಲ.

ಅದಕ್ಕೆ ಒಂದು ಉತ್ತರ ದೊರೆತದ್ದು 2014ರಲ್ಲಿ. ಕೊಬ್ಬಿನ ಆಮ್ಲಗಳನ್ನು ಜೀವಕೋಶದ ಒಲೆಯೊಳಕ್ಕೆ ಬಿಡುವ ಬಾಗಿಲಿನಂತಹ ಒಂದು ಕಿಣ್ವವುಂಟು, ಸಿಪಿಟಿ-1ಎ. ಈಶಾನ್ಯ ಸೈಬೀರಿಯ, ಅಲಾಸ್ಕಾ, ಕೆನಡಾ, ಗ್ರೀನ್‌ಲೆಂಡ್‌ಗಳ ತೀರದ ಜನರಲ್ಲಿ ಬಹುಮಂದಿಗೆ ಆ ಕಿಣ್ವದ ಜೀನ್ ಮಾರ್ಪಟ್ಟ ರೂಪದಲ್ಲಿದ್ದು, ಕೀಟೋನ್ ಉತ್ಪತ್ತಿ ಕುಗ್ಗಿರುತ್ತದೆ. ಸಾವಿರಾರು ವರ್ಷಗಳ ಆಯ್ಕೆಯಿಂದ ಅದು ಹಾಗೆ ಹಬ್ಬಿತೆಂದು ಆ ವರ್ಷ ಪ್ರಕಟವಾದ ಅಧ್ಯಯನ ತೋರಿಸಿತು. ಕೊಬ್ಬನ್ನೇ ನೆಚ್ಚಿ ಬದುಕಿದ ಜನರಲ್ಲಿ ಇಂತಹ ಮಾರ್ಪಾಡು ಏಕೆ ಒದಗಿತೆಂಬುದಕ್ಕೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಅನ್ನ ಬಿಟ್ಟು ಕೀಟೋನ್ ಎಣಿಸುತ್ತ ಕುಳಿತ ನಮ್ಮ ಹುಡುಗರು ಇನ್ಯೂಟರನ್ನು ಸಾಕ್ಷಿಗೆ ಕರೆಯುವುದು ಎಷ್ಟು ವಿನೋದವೆಂಬುದು ಇದರಿಂದ ತಿಳಿದೀತು.

ಈ ಮಾರ್ಪಾಡಿಗೆ ಇನ್ನೊಂದು ಮುಖವೂ ಉಂಟು. ಅದಿರುವ ಶಿಶುಗಳು ಜ್ವರ ಬಂದು ಹಾಲು ಬಿಟ್ಟರೆ, ನೆರವಿಗೆ ಕೀಟೋನ್ ಬಾರದೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಲಾಸ್ಕಾದಲ್ಲಿ ಶಿಶುಮರಣದೊಡನೆ ಇದಕ್ಕೆ ಸಂಬಂಧ ಕಂಡುಬಂದಿದೆ. ಎಳೆಯ ಮಕ್ಕಳನ್ನು ಹೆಚ್ಚು ಹೊತ್ತು ಹಸಿದಿರಲು ಬಿಡಬಾರದೆಂದು ಅಲ್ಲಿನ ವೈದ್ಯರು ತಾಯಂದಿರಿಗೆ ಹೇಳುತ್ತಾರೆ. ಹಿಂದಿನ ಇನ್ಯೂಟ್ ತಾಯಿ ಕೂಸನ್ನು ಅಮೌತಿ ಎಂಬ ತುಪ್ಪಳದ ಅಂಗಿಯ ಬೆನ್ನಚೀಲದಲ್ಲಿ ತನ್ನ ಮೈಗೆ ತಾಗಿಸಿಯೇ ಹೊತ್ತು ತಿರುಗುತ್ತಿದ್ದಳು, ಕೇಳಿದಾಗಲೆಲ್ಲ ಮೊಲೆಯೂಡಿಸುತ್ತಿದ್ದಳು. ಎರಡು ಮೂರು ವರ್ಷ ತುಂಬುವವರೆಗೂ. ಎದೆಹಾಲಿನಲ್ಲಿರುವ ಸಕ್ಕರೆಯಷ್ಟು ಶರ್ಕರಪಿಷ್ಟ ಆ ನಾಡಿನ ಬೇರೆ ಯಾವ ಆಹಾರದಲ್ಲಿಯೂ ಆ ಮಗುವಿಗೆ ಚಳಿಗಾಲದುದ್ದಕ್ಕೂ ಸಿಗುತ್ತಿರಲಿಲ್ಲ.